ಸಹಿ ಯಾರದು? ಯುದ್ಧಕಾಲದ ಪಿನಪ್ ಚಿತ್ರಗಳು ಮತ್ತು ಅವನ್ನು ಬರೆದವರು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿ ಇಟ್ಟವರು ಅಚ್ಚುಕೂಟದಲ್ಲಿ ಬದುಕು ಸವೆಸಿದವರು. ಮುದ್ರಣದ ಕಸುಬಿಗೆ ಸಂಬಂಧಪಟ್ಟಂತೆ ವರ್ಷಕ್ಕೊಂದು ಮಾತು ನಡೆಯಬೇಕು ಎಂಬುದು ಅವರ ಆಶಯ. ಅದಕ್ಕಾಗಿಯೇ ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಪ್ರತಿಗಳಲ್ಲಿ ಅಚ್ಚಾದ ಒಂದು ಬಗೆಯ ಚಿತ್ರವನ್ನು ಆರಿಸಿಕೊಂಡೆ. ವಿಷಯ ತಿಳಿಸಿದಾಗ ಸಂಚಾಲಕರು ಒಂದು ಕ್ಷಣ ತಡೆದು, “ಸಭೆಗೆ ಹೆಣ್ಣುಮಕ್ಕಳೂ ಬರ್ತಾರೆ ಸಾರ್” ಎಂದರು. “ಬರಲೇಬೇಕು, ಅರ್ಧ ಕಥೆ ಅವರದೇ” ಎಂದೆ. ಅವರು ಒಪ್ಪಿದ್ದಕ್ಕೆ ನನ್ನ ಮೊದಲ ವಂದನೆ.

ಪಿನಪ್ ಎಂದರೆ ಗೋಡೆಗೆ ಪಿನ್ನು ಚುಚ್ಚಿ ಹಾಕಿಕೊಳ್ಳುವ ಚೆಲುವೆಯ ಚಿತ್ರ. ಈಜುಡುಗೆಯಲ್ಲೋ ತೆಳು ಉಡುಪಿನಲ್ಲೋ ನೋಡುವವನ ಕಡೆಗೇ ತಿರುಗಿ ನಗುವ ಹುಡುಗಿ. ಸಿಪಾಯಿಯ ಟ್ರಂಕಿನ ಮುಚ್ಚಳದ ಒಳಮೈ, ಬ್ಯಾರಕ್ಕಿನ ಗೋಡೆ, ಹಡಗಿನಲ್ಲಿ ಇಕ್ಕಟ್ಟಿನ ಮಂಚದ ತಲೆದೆಸೆ, ಬಾಂಬರ್ ವಿಮಾನದ ಮೂತಿ, ಹೀಗೆ ಯುದ್ಧದ ಉದ್ದಕ್ಕೂ ಅವಳಿದ್ದಳು. ಇವತ್ತು ಈ ಚಿತ್ರಗಳಿಗೆ ಹರಾಜು ಮನೆಗಳಲ್ಲಿ ದೊಡ್ಡ ಬೆಲೆ. ಹಳೆಯ ಮುದ್ರಿತ ಕಾಗದಗಳನ್ನು ಕೂಡಿಹಾಕುವ ಚಟದವನಾದ ನನಗೆ ಈ ಸಂಗ್ರಾಹಕರ ಲೋಕದ ಪರಿಚಯ ಸ್ವಲ್ಪ ಇದೆ. ಚಿತ್ರವನ್ನಷ್ಟೇ ಕೂಡಿಟ್ಟರೆ ಸಂಗ್ರಾಹಕ ಅರ್ಧ ಕೆಲಸ ಮಾಡಿದಂತೆ. ಅದನ್ನು ಬರೆದವರು, ಅದಕ್ಕೆ ನಿಂತವರು ಕಾಣುವ ಫೋಟೋಗಳನ್ನೂ ಹುಡುಕಿ ಅದರ ಜೊತೆಗೇ ಇಡಬೇಕು. ಈ ಕಸುಬಿನಲ್ಲಿ ಬರೆದವನ ಹೆಸರು ಅಳಿಸಿಹೋಗುವುದಕ್ಕೆ ಕಾಲ ಒಂದೇ ಕಾರಣವಲ್ಲ. ಕರಾರುಪತ್ರ ಬರೆಸಿಕೊಂಡು, ಕೋರ್ಟಿನ ಮುದ್ರೆ ಒತ್ತಿಸಿಕೊಂಡು ಅಳಿಸಿದ ಉದಾಹರಣೆಯೂ ಇದೆ. ಇವತ್ತಿನ ನನ್ನ ಮಾತಿನ ತಿರುಳು ಇದು.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1933ರಲ್ಲಿ ಅಮೆರಿಕದಲ್ಲಿ ‘ಎಸ್ಕ್ವೈರ್’ ಎಂಬ ಗಂಡಸರ ಪತ್ರಿಕೆ ಶುರುವಾಯಿತು. ಜಾರ್ಜ್ ಪೆಟ್ಟಿ ಎಂಬ ಚಿತ್ರಕಾರ ಅದರಲ್ಲಿ ಬರೆದ ಹುಡುಗಿಯರು ‘ಪೆಟ್ಟಿ ಗರ್ಲ್’ ಎಂದೇ ಮನೆಮಾತಾದರು. ಪೆಟ್ಟಿ ಹೆಚ್ಚಿನ ಸಂಭಾವನೆ ಕೇಳುವವನು. ಅವನ ಜಾಗಕ್ಕೆಂದು ಪತ್ರಿಕೆಯವರು 1940ರಲ್ಲಿ ಆಲ್ಬರ್ಟೋ ವರ್ಗಾಸ್ ಎಂಬವನನ್ನು ಕರೆತಂದರು. ಯುದ್ಧದ ವರ್ಷಗಳಲ್ಲಿ ಜಾಹೀರಾತು ತೆಗೆದುಹಾಕಿದ ಪ್ರತಿಗಳನ್ನು ಹೊರದೇಶದಲ್ಲಿದ್ದ ಸೈನಿಕರಿಗೆ ಪುಕ್ಕಟೆಯಾಗಿ ಕಳಿಸಿದರು. ಅಂಥವು ಸುಮಾರು 90 ಲಕ್ಷ ಹೋದವೆಂದು ಲೆಕ್ಕ ಹೇಳುತ್ತಾರೆ. ಸೈನ್ಯವೇ ಹೊರಡಿಸುತ್ತಿದ್ದ ‘ಯಾಂಕ್’ ವಾರಪತ್ರಿಕೆಯಲ್ಲೂ ಚೆಲುವೆಯೊಬ್ಬಳಿಗೆ ಪುಟ ಮೀಸಲಿತ್ತು. ಅದರ ಒಂದು ಆವೃತ್ತಿ ನಮ್ಮ ಕಲ್ಕತ್ತೆಯಲ್ಲೇ ಅಚ್ಚಾಗುತ್ತಿತ್ತು. ನಟಿ ಬೆಟ್ಟಿ ಗ್ರೇಬಲ್ ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿನಿಂದ ನೋಡುವ 1943ರ ಫೋಟೋವಂತೂ ಐವತ್ತು ಲಕ್ಷದಷ್ಟು ಹಂಚಿಕೆಯಾಯಿತೆಂಬ ಮಾತಿದೆ. ಗ್ರೇಬಲ್ ಯಾರೆಂದು ಕೇಳಿದರೆ ಹಳೆಯ ಸಿನಿಮಾ ಬಲ್ಲವರು ಹೇಳುತ್ತಾರೆ. ಆ ಫೋಟೋ ತೆಗೆದ ಸ್ಟುಡಿಯೋ ಫೋಟೋಗ್ರಾಫರ್ ಫ್ರಾಂಕ್ ಪೊವೋಲ್ನಿ ಯಾರೆಂದು ಹೇಳುವವರು ವಿರಳ.

ಇನ್ನು ವರ್ಗಾಸನ ಕಥೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಆಲ್ಬರ್ಟೋ ವರ್ಗಾಸ್ 1896ರಲ್ಲಿ ಪೆರು ದೇಶದ ಅರೆಕೀಪಾ ಊರಿನಲ್ಲಿ ಹುಟ್ಟಿದವನು. ಅಪ್ಪ ಮ್ಯಾಕ್ಸ್ ವರ್ಗಾಸ್ ಆ ಊರಿನ ದೊಡ್ಡ ಫೋಟೋಗ್ರಾಫರ್. ಮುಂದೆ ಲ್ಯಾಟಿನ್ ಅಮೆರಿಕದ ಮಹಾನ್ ಛಾಯಾಗ್ರಾಹಕ ಎನಿಸಿಕೊಂಡ ಮಾರ್ಟಿನ್ ಚಾಂಬಿ ಕೆಲಸ ಕಲಿತದ್ದು ಅದೇ ಸ್ಟುಡಿಯೋದಲ್ಲಿ. ಆಲ್ಬರ್ಟೋ ಏರ್‌ಬ್ರಷ್ ಹಿಡಿಯಲು ಕಲಿತದ್ದೂ ಅಪ್ಪನ ಬಳಿಯೇ. ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸುವ ಈ ಸಾಧನ ಆಗ ಫೋಟೋ ಟಚಪ್ ಮಾಡುವವರ ಕೈಯಲ್ಲಿತ್ತು. ವಿಶೇಷವೆಂದರೆ ಪೆಟ್ಟಿಯ ಅಪ್ಪನೂ ಷಿಕಾಗೋದಲ್ಲಿ ಫೋಟೋಗ್ರಾಫರ್, ಮಗ ಏರ್‌ಬ್ರಷ್ ಕಲಿತದ್ದೂ ಅಲ್ಲಿಯೇ. ಹೀಗಾಗಿ ಯುದ್ಧಕಾಲದ ಇಬ್ಬರು ಪ್ರಸಿದ್ಧ ಪಿನಪ್ ಚಿತ್ರಕಾರರೂ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಿಂದ ಬಂದವರು. ವರ್ಗಾಸನ ಹುಡುಗಿಯ ಚರ್ಮಕ್ಕೆ ಗೆರೆಯಿಲ್ಲ, ಕಲೆಯಿಲ್ಲ, ಒಳಗಿಂದ ಬೆಳಕು ಹಾಯ್ದಂತೆ ಕಾಣುತ್ತದೆ. ಮದುವೆಯ ಫೋಟೋದಲ್ಲಿ ವಧುವಿನ ಮುಖದ ಮಚ್ಚೆ ಅಳಿಸಿ ಬಣ್ಣ ಏರಿಸುತ್ತಿದ್ದ ನಮ್ಮ ಸ್ಟುಡಿಯೋಗಳ ಕೈಚಳಕದ ದೊಡ್ಡ ಅಣ್ಣ ಅದು.

ಯುರೋಪಿನಲ್ಲಿ ಓದಿ ಊರಿಗೆ ಮರಳುವ ದಾರಿಯಲ್ಲಿ, 1916ರಲ್ಲಿ, ವರ್ಗಾಸ್ ನ್ಯೂಯಾರ್ಕಿನಲ್ಲಿ ಇಳಿದ. ಮತ್ತೆ ಹೊರಡಲಿಲ್ಲ. ಝೀಗ್‌ಫೆಲ್ಡನ ನಾಟಕ ಕಂಪನಿಗೆ ನಟಿಯರ ಚಿತ್ರ ಬರೆದ, ಹಾಲಿವುಡ್ಡಿಗೆ ಹೋಗಿ ಸಿನಿಮಾ ಕಂಪನಿಗಳಿಗೆ ಬರೆದ, ಕೆಲಸವಿಲ್ಲದ ದಿನಗಳನ್ನೂ ಕಂಡ. ಎಸ್ಕ್ವೈರ್ ಕರೆದಾಗ ಅವನಿಗೆ 44 ವರ್ಷ. 1940ರ ಅಕ್ಟೋಬರ್ ಸಂಚಿಕೆಯಲ್ಲಿ ಅವನ ಮೊದಲ ಚಿತ್ರ ಬಂತು. ಅವನ ಹೆಸರಿನ ಕೊನೆಯ ‘ಸ್’ ಅನ್ನು ಪತ್ರಿಕೆಯವರು ಕತ್ತರಿಸಿದರು. ಸಹಿ ‘ವರ್ಗಾ’ ಎಂದಾಯಿತು, ಹುಡುಗಿ ‘ವರ್ಗಾ ಗರ್ಲ್’ ಆದಳು.

1944ರ ಮೇ ತಿಂಗಳಲ್ಲಿ ಅವನು ಸಹಿ ಹಾಕಿದ ಕರಾರಿನ ಪ್ರಕಾರ ಆರು ತಿಂಗಳಿಗೆ 26 ಚಿತ್ರ ಕೊಡಬೇಕು. ಅಂದರೆ ವಾರಕ್ಕೊಂದು. ಮೈಯ ಪ್ರತಿಯೊಂದು ತಿರುವಿನ ಮೇಲೂ ಜಲವರ್ಣವನ್ನು ಪದರ ಪದರವಾಗಿ ಸಿಂಪಡಿಸುವವನಿಗೆ ಇದು ಉಸಿರು ಕಟ್ಟಿಸುವ ವೇಗ. ಚಿತ್ರಗಳಷ್ಟೇ ಅಲ್ಲ, ‘ವರ್ಗಾ’, ‘ವರ್ಗಾ ಗರ್ಲ್’ ಎಂಬ ಹೆಸರುಗಳೂ ಸಂಪೂರ್ಣವಾಗಿ ಪತ್ರಿಕೆಯ ಸೊತ್ತು ಎಂದು ಅದೇ ಕರಾರಿನಲ್ಲಿ ಬರೆದಿತ್ತು. 1946ರ ಹೊತ್ತಿಗೆ ಸಂಬಂಧ ಹಳಸಿತು. ಅವನು ಮೊದಲೇ ಕೊಟ್ಟಿದ್ದ ಚಿತ್ರಗಳನ್ನು ಪತ್ರಿಕೆ ಆ ವರ್ಷದ ಅಕ್ಟೋಬರಿನಲ್ಲಿ ‘ಎಸ್ಕ್ವೈರ್ ಗರ್ಲ್’ ಎಂಬ ಹೊಸ ತಲೆಬರಹ ಕೊಟ್ಟು ಅಚ್ಚು ಹಾಕಿತು. ವರ್ಗಾ ಎಂಬ ಮೊಟಕು ಹೆಸರೂ ಅದರಲ್ಲಿ ಇರಲಿಲ್ಲ.

ವರ್ಗಾಸ್ ಕೋರ್ಟಿಗೆ ಹೋದ. ಚಿತ್ರ ನಾನು ಬರೆದದ್ದು, ಹೆಸರು ತೆಗೆದರೆ ಓದುಗರಿಗೆ ಮೋಸವಾಗುತ್ತದೆ ಎಂಬುದು ಅವನ ವಾದ. 1947ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಕರಾರಿನಲ್ಲಿ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದೀಯ, ಕಲಾವಿದನಿಗೆ ಹೆಸರಿನ ನೈತಿಕ ಹಕ್ಕು ಎಂಬುದು ಬೇರೆ ಕೆಲವು ದೇಶಗಳ ಕಾನೂನಿನಲ್ಲಿ ಉಂಟು, ಈ ದೇಶದಲ್ಲಿ ಇಲ್ಲ ಎಂಬುದು ತೀರ್ಪಿನ ಸಾರಾಂಶ. ವರ್ಗಾಸ್ ಮುಂದೆ ತನ್ನ ಪೂರ್ತಿ ಹೆಸರಿನಲ್ಲೇ ಸಹಿ ಮಾಡಿದ. ಕಷ್ಟದ ವರ್ಷಗಳು ಕಳೆದ ಮೇಲೆ ‘ಪ್ಲೇಬಾಯ್’ ಪತ್ರಿಕೆ ಅವನಿಗೆ ಮತ್ತೆ ಪುಟ ಕೊಟ್ಟಿತು. 1982ರಲ್ಲಿ ತೀರಿಕೊಂಡ. ಎಸ್ಕ್ವೈರ್ ತನ್ನ ಬಳಿಯಿದ್ದ ಮೂಲಚಿತ್ರಗಳನ್ನು 1980ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಲಾ ಸಂಗ್ರಹಾಲಯಕ್ಕೆ ಕೊಟ್ಟಿತ್ತು.

ಇಲ್ಲಿ ಒಂದು ತಮಾಷೆಯಿದೆ. ಇದೇ ಪತ್ರಿಕೆಯ ಚಿತ್ರ ಮತ್ತು ಹಾಸ್ಯ ಅಶ್ಲೀಲದ ಅಂಚಿನವು, ಸಾರ್ವಜನಿಕ ಹಿತಕ್ಕೆ ಏನೂ ಕೊಡುಗೆ ನೀಡುವುದಿಲ್ಲ ಎಂದು 1943ರಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥರು ಅದಕ್ಕಿದ್ದ ಅಂಚೆ ದರದ ರಿಯಾಯಿತಿಯನ್ನು ಕಿತ್ತುಕೊಂಡಿದ್ದರು. ವರ್ಷಕ್ಕೆ ಐದು ಲಕ್ಷ ಡಾಲರಿನ ಹೊರೆ. 1946ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಪತ್ರಿಕೆಯ ಪರ ತೀರ್ಪಿತ್ತು, ಯಾವುದು ಒಳ್ಳೆಯ ಓದು ಎಂದು ತೀರ್ಮಾನಿಸುವುದು ಅಂಚೆಯವರ ಕೆಲಸವಲ್ಲ ಎಂದಿತು. ಎರಡು ವರ್ಷಗಳೊಳಗೆ ಚಿತ್ರವನ್ನು ಅಚ್ಚು ಹಾಕುವವನ ಹಕ್ಕು ಗೆದ್ದಿತು, ಬರೆದವನ ಹೆಸರಿನ ಹಕ್ಕು ಸೋತಿತು.

ಹಾಗಿದ್ದಾಗ ಸಂಗ್ರಾಹಕ ಏನು ಮಾಡಬೇಕು? ನನ್ನ ಬಳಿ ಯುದ್ಧದ ವರ್ಷಗಳ ಒಂದು ವರ್ಗಾ ಮಡಿಕೆಪುಟ ಇದೆ. ಕಾಗದದ ಅಂಚು ಚಹಾ ಬಣ್ಣಕ್ಕೆ ತಿರುಗಿದೆ. ನಡುವೆ ಪಿನ್ನಿನ ಎರಡು ಸಣ್ಣ ತೂತು, ಅವುಗಳ ಸುತ್ತ ತುಕ್ಕಿನ ಕಲೆ. ಭೂತಗನ್ನಡಿ ಹಿಡಿದರೆ ಹುಡುಗಿಯ ಕೆನ್ನೆ ಸಾವಿರಾರು ಬಣ್ಣದ ಚುಕ್ಕೆಗಳಾಗಿ ಒಡೆದುಹೋಗುತ್ತದೆ. ಇತ್ತೀಚಿನ ಮರುಮುದ್ರಣದಲ್ಲಿ ಮಡಿಕೆ ಇರುವುದಿಲ್ಲ, ಪಿನ್ನಿನ ತೂತು ಇರುವುದಿಲ್ಲ, ಕಾಗದ ಹಲ್ಲಿನಂತೆ ಬೆಳ್ಳಗಿರುತ್ತದೆ. ಅಸಲಿ ಯಾವುದು ಎಂದು ಹೇಳುವುದಕ್ಕೆ ಇಷ್ಟು ಸಾಕು. ಆದರೆ ಈ ಹಾಳೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ವಾರಕ್ಕೊಂದು ಚಿತ್ರದ ಒತ್ತಡ ಅದರಲ್ಲಿ ಕಾಣುವುದಿಲ್ಲ. ಅದು ಕಾಣುವುದು ಡ್ರಾಯಿಂಗ್ ಬೋರ್ಡಿನ ಮೇಲೆ ಬಾಗಿದ, ಕೂದಲು ನರೆತ, ಟೈ ಕಟ್ಟಿದ ಗಂಡಸಿನ ಫೋಟೋದಲ್ಲಿ. ಆದ್ದರಿಂದ ಎರಡನ್ನೂ ಒಂದೇ ಲಕೋಟೆಯಲ್ಲಿ ಇಡುವುದು ನನ್ನ ಪದ್ಧತಿ.

ಪತ್ರಿಕೆಗಿಂತಲೂ ದೊಡ್ಡ ಮಾರುಕಟ್ಟೆ ಕ್ಯಾಲೆಂಡರಿನದು. ಮಿನೆಸೋಟಾದ ಸೇಂಟ್ ಪಾಲ್ ನಗರದ ‘ಬ್ರೌನ್ ಅಂಡ್ ಬಿಗೆಲೋ’ ಕಂಪನಿ ಅಂಗಡಿಗಳಿಗೆ, ಗ್ಯಾರೇಜುಗಳಿಗೆ ಹೆಸರು ಹಾಕಿ ಕೊಡುವ ಕ್ಯಾಲೆಂಡರ್ ಮಾಡುತ್ತಿತ್ತು. ಅದೇ ಊರಿನ ಗಿಲ್ ಎಲ್ವ್‌ಗ್ರೆನ್ ಅದರ ಮುಖ್ಯ ಚಿತ್ರಕಾರರಲ್ಲಿ ಒಬ್ಬನಾದ. ವರ್ಗಾಸನ ಹಾಗೆ ಇವನದು ಜಲವರ್ಣವಲ್ಲ, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಬಹುಪಾಲು 30 ಅಂಗುಲ ಎತ್ತರ, 24 ಅಂಗುಲ ಅಗಲ. ಮೊದಲು ರೂಪದರ್ಶಿಯನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು, ಆಮೇಲೆ ಅದನ್ನು ಮುಂದಿಟ್ಟುಕೊಂಡು ಬರೆಯುವುದು ಅವನ ಕ್ರಮ. ಆ ಫೋಟೋಗಳು ಉಳಿದಿವೆ, ಪುಸ್ತಕಗಳಲ್ಲಿ ಚಿತ್ರದ ಪಕ್ಕದಲ್ಲೇ ಅಚ್ಚಾಗಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಂದು ಪಾಠ. ಫೋಟೋದ ಹುಡುಗಿಗೆ ಸಾಮಾನ್ಯ ಮೈಕಟ್ಟು, ಹಿಂದೆ ಬರೀ ಪರದೆ, ಕಾಲಡಿ ಸ್ಟೂಲು ಅಥವಾ ಪೆಟ್ಟಿಗೆ. ಚಿತ್ರಕ್ಕೆ ಬರುವ ಹೊತ್ತಿಗೆ ಕಾಲು ಉದ್ದವಾಗಿದೆ, ಸೊಂಟ ಸಣ್ಣದಾಗಿದೆ, ಗಾಳಿ ಬೀಸಿದೆ, ಹುಬ್ಬು ಮೇಲೆ ಹೋಗಿದೆ. ಚೆಲುವು ಸಿಕ್ಕಿದ್ದಲ್ಲ, ಅಳತೆ ಹಾಕಿ ಕಟ್ಟಿದ್ದು ಎಂದು ತಿಳಿಯುವುದು ಆ ಫೋಟೋ ಕೈಗೆ ಬಂದಾಗ.

ಅದೇ ಕಂಪನಿಗೆ 1941ರಲ್ಲಿ ಸೇರಿಕೊಂಡವಳು ಝೋಯಿ ಮೋಝರ್ಟ್. ಹುಟ್ಟಿದ್ದು 1907ರಲ್ಲಿ, ಕೊಲರಾಡೋದಲ್ಲಿ. ಫಿಲಡೆಲ್ಫಿಯಾದ ಕಲಾಶಾಲೆಯಲ್ಲಿ ಓದುವಾಗ ಫೀಸಿಗಾಗಿ ಸ್ವತಃ ರೂಪದರ್ಶಿಯಾಗಿ ನಿಂತವಳು. ಮುಂದೆ ಚಿತ್ರ ಬರೆಯುವಾಗ ಎಷ್ಟೋ ಸಲ ಕನ್ನಡಿಯ ಮುಂದೆ ತಾನೇ ಕುಳಿತು, ತನ್ನನ್ನೇ ನೋಡಿಕೊಂಡು ಬರೆದಳು. ‘ದಿ ಔಟ್‌ಲಾ’ ಸಿನಿಮಾಕ್ಕೆ ಜೇನ್ ರಸೆಲ್‌ಳ ಪೋಸ್ಟರ್ ಬರೆದವಳೂ ಇವಳೇ. ಚಿತ್ರ ಬರೆಯುವ ಹೆಣ್ಣೂ ಚಿತ್ರದೊಳಗಿನ ಹೆಣ್ಣೂ ಒಬ್ಬಳೇ ಆಗಿರುವ ಅವಳ ಫೋಟೋಗಳು ನನಗೆ ಬಹಳ ಇಷ್ಟ. ಜಾಯ್ಸ್ ಬ್ಯಾಲಂಟೈನ್, ಪರ್ಲ್ ಫ್ರಷ್ ಕೂಡ ಇದೇ ಕಸುಬಿನ ಹೆಂಗಸರು. ಪಿನಪ್ ಎಂದರೆ ಗಂಡಸು ಬರೆದು ಗಂಡಸು ನೋಡಿದ್ದು ಎಂಬ ಸಲೀಸು ಮಾತು ಇವರ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಈ ಚಿತ್ರಗಳು ಹೆಣ್ಣನ್ನು ನೋಟದ ಸರಕು ಮಾಡಿದವು ಎಂಬ ಆಕ್ಷೇಪ ಸುಳ್ಳಾಗುವುದೂ ಇಲ್ಲ. ನಗುವ ಹುಡುಗಿಗೆ ಹೆಸರಿಲ್ಲ, ಸಂಬಳದ ಲೆಕ್ಕವಿಲ್ಲ, ವಯಸ್ಸಿಲ್ಲ. ಇವೆಲ್ಲ ಅವಳಿಗೂ ಇದ್ದವು ಎಂದು ಸ್ಟುಡಿಯೋ ಫೋಟೋ ನೆನಪಿಸುತ್ತದೆ. 1940ರ ದಶಕದ ಕೊನೆಯಲ್ಲಿ ಅರ್ಲ್ ಮೊರಾನ್ ಎಂಬ ಚಿತ್ರಕಾರನಿಗೆ ನಿಲ್ಲುತ್ತಿದ್ದ ನೋರ್ಮಾ ಜೀನ್ ಮುಂದೆ ಮರ್ಲಿನ್ ಮನ್ರೋ ಆದದ್ದರಿಂದ ಅವಳ ಹೆಸರು ಉಳಿಯಿತು. ಉಳಿದವರಿಗೆ ಆ ಯೋಗ ಇರಲಿಲ್ಲ.

ಕಾಗದದಿಂದ ಈಗ ಅಲ್ಯುಮಿನಿಯಮ್ಮಿಗೆ ಬರೋಣ.

ಬಾಂಬರ್ ವಿಮಾನದ ಸಿಬ್ಬಂದಿ ತಮ್ಮ ವಿಮಾನಕ್ಕೆ ಹೆಸರಿಟ್ಟು ಮೂತಿಯ ಮೇಲೆ ಚಿತ್ರ ಬರೆಸುತ್ತಿದ್ದರು. ಎಷ್ಟೋ ಚಿತ್ರಗಳಿಗೆ ಎಸ್ಕ್ವೈರ್ ಪುಟವೇ ಮೂಲ. ಬಿ-17 ಮಾದರಿಯ ‘ಮೆಂಫಿಸ್ ಬೆಲ್’ ಅತಿ ಪ್ರಸಿದ್ಧ. ಅದರ ಹುಡುಗಿ 1941ರ ಏಪ್ರಿಲ್ ಸಂಚಿಕೆಯ ಪೆಟ್ಟಿ ಗರ್ಲ್. ಇಂಗ್ಲೆಂಡಿನ ಬ್ಯಾಸಿಂಗ್‌ಬರ್ನ್ ನೆಲೆಯಲ್ಲಿ ಅದನ್ನು ವಿಮಾನದ ಮೇಲೆ ಬರೆದವನು ಟೋನಿ ಸ್ಟಾರ್ಸರ್, ಒಂದು ಬದಿಗೆ ನೀಲಿ ಈಜುಡುಗೆ, ಇನ್ನೊಂದು ಬದಿಗೆ ಕೆಂಪು. ಆ ನೆಲೆಯ ತುಕಡಿಗೆ ನೂರಕ್ಕೂ ಹೆಚ್ಚು ವಿಮಾನಗಳ ಚಿತ್ರ ಬರೆದವನು ಅವನು. ಪೈಲಟ್ ರಾಬರ್ಟ್ ಮಾರ್ಗನ್ ಹೆಸರು, ಅವನ ಪ್ರೇಯಸಿಯ ಹೆಸರು, ಆ ವಿಮಾನದ ಬಗ್ಗೆ ಸಾಕ್ಷ್ಯಚಿತ್ರ ತೆಗೆದ ವಿಲಿಯಂ ವೈಲರ್ ಹೆಸರು ಎಲ್ಲರಿಗೂ ಗೊತ್ತು. 2018ರ ಮೇ 17ರಂದು ಆ ವಿಮಾನ ಓಹಾಯೋದ ಡೇಟನ್ ವಾಯುಪಡೆ ಸಂಗ್ರಹಾಲಯದಲ್ಲಿ ದುರಸ್ತಿಯಾಗಿ ಪ್ರದರ್ಶನಕ್ಕೆ ಬಂದಾಗ ಜನ ನಿಂತು ಫೋಟೋ ತೆಗೆಸಿಕೊಂಡದ್ದು ಸ್ಟಾರ್ಸರ್ ಬರೆದ ಹುಡುಗಿಯ ಪಕ್ಕದಲ್ಲಿ. ಶಾಂತ ಸಾಗರದ ಟಿನಿಯನ್ ದ್ವೀಪದಲ್ಲಿ ಹಾಲ್ ಓಲ್ಸನ್ ಎಂಬ ನೌಕಾಪಡೆಯ ಮೆಕ್ಯಾನಿಕ್ ಚಿತ್ರಕ್ಕೆ ಸುಮಾರು 50 ಡಾಲರ್ ತೆಗೆದುಕೊಂಡು ವಿಮಾನಗಳ ಮೇಲೆ ಬರೆದ. ಫಿಲ್ ಬ್ರಿಂಕ್‌ಮನ್ ಒಂದೇ ಸ್ಕ್ವಾಡ್ರನ್ನಿನ ವಿಮಾನಗಳಿಗೆ ಹನ್ನೆರಡು ರಾಶಿಗಳ ಚಿತ್ರ ಬರೆದ. ಏಣಿಯ ಮೇಲೆ ನಿಂತು, ಬಣ್ಣದ ಡಬ್ಬಿ ನೇತುಹಾಕಿಕೊಂಡು, ನಾಳೆ ಮರಳಿ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಲೋಹದ ಮೇಲೆ ಬರೆಯುವ ಕೆಲಸ ಅದು.

ಯುದ್ಧ ಮುಗಿದ ಮೇಲೆ ಈ ವಿಮಾನಗಳ ಗತಿ ಏನಾಯಿತು? ಅರ್ಕಾನ್ಸಾಸ್ ರಾಜ್ಯದ ವಾಲ್ನಟ್ ರಿಜ್ ಎಂಬಲ್ಲಿ ಸಾವಿರಾರು ವಿಮಾನ ಸಾಲಾಗಿ ನಿಂತವು. 1946ರಲ್ಲಿ 4,871 ವಿಮಾನಗಳನ್ನು ಸರ್ಕಾರ ಸುಮಾರು 18 ಲಕ್ಷ ಡಾಲರಿಗೆ ಗುಜರಿಗೆ ಮಾರಿತು. ಕುಲುಮೆ ಹಚ್ಚಿ ಕರಗಿಸಿ ಅಲ್ಯುಮಿನಿಯಂ ಗಟ್ಟಿ ಎರಕ ಹೊಯ್ದರು. ಅಲ್ಲಿ ಮ್ಯಾನೇಜರಾಗಿದ್ದ ಮಿನೋಟ್ ಪ್ರ್ಯಾಟ್ ಎಂಬವರಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಚೆನ್ನಾಗಿ ಕಂಡ ಚಿತ್ರಗಳನ್ನು ಕತ್ತರಿಸಿ ತೆಗೆದಿಡಲು ಕೆಲಸಗಾರರಿಗೆ ಹೇಳಿದರು. ಅವರ ಕೈಯಲ್ಲಿದ್ದದ್ದು ಕೊಡಲಿ. ಹಾಗೆ ಉಳಿದ 33 ತುಂಡುಗಳು ಮುಂದೆ ಟೆಕ್ಸಾಸಿನಲ್ಲಿ ಹಳೆಯ ಯುದ್ಧವಿಮಾನಗಳನ್ನು ಕಾಪಾಡುವ ಸಂಸ್ಥೆಗೆ ಸೇರಿದವು. ರಾಷ್ಟ್ರೀಯ ಪರಂಪರೆ ಉಳಿಸುವ ಯೋಜನೆಯಲ್ಲಿ ಅಧಿಕೃತ ಸ್ಥಾನ ಪಡೆದವು. ಚಪ್ಪಟೆ ತಗಡು, ಸಾಲು ರಿವೆಟ್ಟು, ಕೊಡಲಿ ಹರಿದ ಮೊನಚು ಅಂಚು, ಬಿಸಿಲಿಗೆ ಮಾಸಿದ ಹೆಣ್ಣಿನ ಮೈಬಣ್ಣ. ಸಂಗ್ರಹ ಎಂಬುದರ ಬೆಲೆ ಏನೆಂದು ಯಾರಾದರೂ ಕೇಳಿದರೆ ನಾನು ಈ ತಗಡುಗಳ ಕಥೆ ಹೇಳುತ್ತೇನೆ. ಕರಗಿದವು ಸಾವಿರಾರು, ಉಳಿದವು ಒಬ್ಬ ಮನುಷ್ಯನ ಅಭಿರುಚಿಯಿಂದ 33.

ಕರಗಿಹೋದ ವಿಮಾನಗಳ ಚಿತ್ರಗಳನ್ನು ನಾವು ಬಲ್ಲದ್ದು ಫೋಟೋಗಳ ಮೂಲಕ. ಸೈನ್ಯದ ಫೋಟೋಗ್ರಾಫರುಗಳು ತೆಗೆದವು ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸರ್ಕಾರಿ ಕೆಲಸವಾದ್ದರಿಂದ ಅವಕ್ಕೆ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಬಳಸಬಹುದು. ಅವುಗಳ ಅಡಿಬರಹದಲ್ಲಿ ವಿಮಾನದ ಹೆಸರು, ನೆಲೆ, ತಾರೀಖು, ಸಿಬ್ಬಂದಿಯ ಹೆಸರು ಸಿಗುತ್ತವೆ. ಚಿತ್ರ ಬರೆದವನ ಹೆಸರು ಬಹುಪಾಲು ಇರುವುದಿಲ್ಲ. ಅದಕ್ಕಾಗಿಯೇ ಏಣಿಯ ಮೇಲೆ ಕುಂಚ ಹಿಡಿದ ಸೈನಿಕನ ಒಂದು ಫೋಟೋ, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರು ಬರೆದದ್ದು ಸಿಕ್ಕರೆ, ಸಂಶೋಧಕನಿಗೆ ಅದು ಶಾಸನ ಸಿಕ್ಕಂತೆ.

ಪತ್ರಿಕಾ ಫೋಟೋಗಳ ಹಿಂಬದಿಯನ್ನೂ ಓದಲು ಕಲಿಯಬೇಕು. ಮುಂಬದಿಯಲ್ಲಿ ಸಂಪಾದಕ ಕತ್ತರಿಸಬೇಕಾದ ಜಾಗಕ್ಕೆ ಎಳೆದ ಗೆರೆ, ಹಿಂಬದಿಯಲ್ಲಿ ಅಂಟಿಸಿದ ಅಡಿಬರಹದ ಚೀಟಿ, ಏಜೆನ್ಸಿಯ ಮೊಹರು, ಪ್ರಕಟವಾದ ತಾರೀಖಿನ ಠಸ್ಸೆ ಇರುತ್ತವೆ. ಪತ್ರಿಕಾ ಕಚೇರಿಗಳು ತಮ್ಮ ಕಡತಗಳನ್ನು ಮಾರಿದಾಗ ಇಂಥ ಫೋಟೋಗಳು ಪೇಟೆಗೆ ಬಂದವು. ಚೀಟಿ ಹಳೆಯದೆಂದು ಕಿತ್ತು, ಮೊಹರು ಕಾಣದಂತೆ ಚೌಕಟ್ಟು ಹಾಕಿಸುವವರಿದ್ದಾರೆ. ಅವರು ಹಾಳು ಮಾಡುವುದು ಫೋಟೋದ ಅರ್ಧ ಆಯುಸ್ಸನ್ನು.

ಬೆಲೆಯ ಮಾತಿಗೆ ಬಂದರೆ, ಈ ಕಲೆಯನ್ನು ಯಾರೂ ಮೂಸದಿದ್ದ ಕಾಲದಲ್ಲಿ ಕೊಂಡಿಟ್ಟವರಲ್ಲಿ ಚಾರ್ಲ್ಸ್ ಮಾರ್ಟಿನೆಟ್ ಮುಖ್ಯರು. ಲೂಯಿಸ್ ಮೈಸೆಲ್ ಜೊತೆ ಸೇರಿ ಅವರು ಬರೆದ ದೊಡ್ಡ ಪುಸ್ತಕ 1996ರಲ್ಲಿ ಬಂತು, ಚಿತ್ರಕಾರರ ಪರಿಚಯವನ್ನು ಒಂದೆಡೆ ತಂದಿತು. 2008ರಲ್ಲಿ ಮಾರ್ಟಿನೆಟ್ ತೀರಿಕೊಂಡಾಗ ಫ್ಲಾರಿಡಾದ ಅವರ ಗೋದಾಮಿನಲ್ಲಿ ಸುಮಾರು 4,300 ಕೃತಿಗಳಿದ್ದವು. ಡಲ್ಲಸ್ಸಿನ ಹರಾಜು ಮನೆ ಅವನ್ನು ಕಂತು ಕಂತಾಗಿ ಮಾರಿತು. ಎಲ್ವ್‌ಗ್ರೆನ್ 1947ರಲ್ಲಿ ಬರೆದ ಒಂದು ಚಿತ್ರಕ್ಕೆ 2011ರಲ್ಲಿ 2,86,800 ಡಾಲರ್ ಬಂತು. ಆ ಹಣದ ಎದುರು ಚಿತ್ರಕಾರನ ಒಂದು ಫೋಟೋಕ್ಕೆ ಸಿಗುವುದು ಪುಡಿಗಾಸು. ಹಣವಿಲ್ಲದ ನನ್ನಂಥ ಸಂಗ್ರಾಹಕರಿಗೆ ಇದೇ ಅನುಕೂಲ. ದೊಡ್ಡವರು ಬಿಟ್ಟ ಕಡೆ ನಾವು ಕೈಹಾಕಬಹುದು, ಮತ್ತು ಇತಿಹಾಸಕ್ಕೆ ಹೆಚ್ಚು ಬೇಕಾದದ್ದು ಅಲ್ಲೇ ಇದೆ.

ಈ ಕಥೆಗೂ ನಮಗೂ ಏನು ಸಂಬಂಧ? ಎರಡು ಮೂರು ಎಳೆಗಳಿವೆ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಸುಪರ್ದಿಗೆ ಹೋಯಿತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಚೀನಾ, ಬರ್ಮಾ, ಭಾರತ ರಣರಂಗದ ಅಮೆರಿಕನ್ ವಿಮಾನಗಳ ರಿಪೇರಿ ಅಲ್ಲಿ ನಡೆಯಿತು. ಆ ರಣರಂಗದ ವಿಮಾನಗಳ ಮೂತಿಗಳಲ್ಲೂ ಇಂಥ ಚಿತ್ರಗಳಿದ್ದವು. ಆ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು.

ಎರಡನೆಯದು ಕಲಬುರಗಿಯ ಎಸ್. ಎಂ. ಪಂಡಿತರು. 1916ರಲ್ಲಿ ಹುಟ್ಟಿ, ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಇದೇ 1940ರ ದಶಕದಲ್ಲಿ ಸಿನಿಮಾ ಪೋಸ್ಟರುಗಳಿಂದ ಹೆಸರಾದರು. ಆಮೇಲೆ ಅವರ ದೇವದೇವತೆಯರ ಕ್ಯಾಲೆಂಡರುಗಳು ಮನೆಮನೆಗೂ ಹೋದವು. ಪೂಜೆ ಮಾಡಿದ ಚಿತ್ರದ ಮೂಲೆಯ ಸಹಿಯನ್ನು ಎಷ್ಟು ಮನೆಯವರು ಓದಿದ್ದಾರೆ? ಚಿತ್ರದ ವಸ್ತು ಬೇರೆ, ಭಾವ ಬೇರೆ. ಕಸುಬಿನವನ ಹಣೆಬರಹ ಒಂದೇ.

ಮೂರನೆಯದು ಕಾನೂನು. ವರ್ಗಾಸನಿಗೆ ಅಲ್ಲಿ ಸಿಗದ ಹಕ್ಕು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮಿನಲ್ಲಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಿದ ತಮ್ಮ ಕಂಚಿನ ಭಿತ್ತಿಶಿಲ್ಪದ ವಿಷಯದಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ. ಅಮೆರಿಕ 1990ರಲ್ಲಿ ಇಂಥದೊಂದು ಕಾಯಿದೆ ತಂದರೂ ಪೋಸ್ಟರು, ಪತ್ರಿಕೆಯ ಚಿತ್ರಗಳನ್ನು ಅದರಿಂದ ಹೊರಗಿಟ್ಟಿತು. ವರ್ಗಾಸ್ ಇವತ್ತು ಮೊಕದ್ದಮೆ ಹೂಡಿದರೂ ಆ ಕಾಯಿದೆ ಅವನ ಕೈ ಹಿಡಿಯುವುದಿಲ್ಲ. ನಮ್ಮಲ್ಲಿ ಕಾನೂನು ಇದೆ, ರೂಢಿ ಇಲ್ಲ. ನಮ್ಮ ಪತ್ರಿಕೆ, ಪೋಸ್ಟರು, ಲಗ್ನಪತ್ರಿಕೆಗಳಿಗೆ ಬರೆದ ಚಿತ್ರಕಾರರ ಪಟ್ಟಿಯೊಂದನ್ನು ಮಾಡಹೊರಟರೆ ಎಷ್ಟು ಹೆಸರು ಸಿಕ್ಕೀತು ಎಂದು ಈ ಸಭೆಯಲ್ಲಿರುವ ಅಚ್ಚುಕೂಟದವರನ್ನೇ ಕೇಳುತ್ತೇನೆ.

ಆದ್ದರಿಂದ ಮುಗಿಸುವ ಮುನ್ನ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಮನೆಯ ಹಳೆಯ ಕ್ಯಾಲೆಂಡರ್, ಮುಖಪುಟ, ಸಿನಿಮಾ ಕರಪತ್ರಗಳಲ್ಲಿ ಸಹಿ ಹುಡುಕಿ. ಸಿಕ್ಕ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆಲ್ಬಮ್ಮಿನಲ್ಲಿ ಬೋರ್ಡು ಬರೆಯುವವರು, ಬ್ಲಾಕು ಮಾಡುವವರು, ಪೋಸ್ಟರಿನ ಮುಂದೆ ನಿಂತವರು, ವಿಮಾನ ಕಾರ್ಖಾನೆಯಲ್ಲಿ ದುಡಿದವರು ಕಂಡರೆ ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆಯಿರಿ. ಪೆನ್ನಿನಲ್ಲಿ ಬೇಡ, ಮಸಿ ಹರಡುತ್ತದೆ. ಮೆದು ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಹೇಳಬಲ್ಲ ಹಿರಿಯರು ಇನ್ನೂ ಮನೆಯಲ್ಲಿರುವಾಗಲೇ ಕೇಳಿ ಬರೆಯಿರಿ. ಈ ದತ್ತಿ ಇಟ್ಟ ಕುಟುಂಬ ಒಪ್ಪಿದರೆ ಮುಂದಿನ ವರ್ಷದ ಉಪನ್ಯಾಸದ ದಿನ ಅಂಥ ಹೆಸರುಗಳ ಮೊದಲ ಪಟ್ಟಿಯನ್ನು ಇಲ್ಲಿಯೇ ಓದೋಣ.